ಅಟ್ಟದಲ್ಲಿ ದೊರೆತ ಕಡತ

ಕಾವೇರಿಯ ದಡಕ್ಕೆ ಸಮೀಪವಾದ ಒಂದು ಅಗ್ರಹಾರದ ಬೀದಿಯಲ್ಲಿ, ಬಹುಕಾಲ ಶಾನುಭೋಗಿಕೆಯ ವಂಶದವರು ಬಾಳಿ, ಅವರ ತರುವಾಯ ಇಬ್ಬರು ಕ್ರಯಕ್ಕೆ ಕೊಂಡು ಮಾರಿ, ಕಡೆಗೆ ನಮ್ಮ ಪಾಲಿಗೆ ಬಂದ ತೊಟ್ಟಿಯ ಮನೆಯೊಂದುಂಟು. ಮಳೆಗಾಲದಲ್ಲಿ ತೊಟ್ಟಿಯ ನಾಲ್ಕು ಮೂಲೆಗಳಿಂದಲೂ ನೀರು ಸುರಿದು, ಪಡಸಾಲೆಯ ಮಣ್ಣುಗೋಡೆ ಹೊಟ್ಟೆಬಿಟ್ಟು, ತಲೆಬಾಗಿಲಿನ ಚೌಕಟ್ಟು ಗೆದ್ದಲಿಗೆ ಆಹಾರವಾಗಿದ್ದುದರಿಂದ ಅದರ ಜೀರ್ಣೋದ್ಧಾರವನ್ನು ಮುಂದಕ್ಕೆ ಹಾಕುವಂತಿರಲಿಲ್ಲ. ಬಡಗಿಯೂ ಗಾರೆಯವನೂ ಬಂದು ಮೊದಲು ಕೈಹಚ್ಚಿದ್ದು ಹೊಸ್ತಿಲಿಗೆ. ಹಾರೆಯಿಂದ ಮೀಟಿ ಮರವನ್ನು ಎಬ್ಬಿಸಿದೊಡನೆ ಅದರ ಕೆಳಗೆ ಅಂಗೈಯಗಲದ ಚಪ್ಪಡಿಯೊಂದು ಕಾಣಿಸಿತು. ಚಪ್ಪಡಿಯನ್ನು ಸರಿಸಿದರೆ ಹಸುರುಗಟ್ಟಿದ ತಾಮ್ರದ ಸಣ್ಣ ಗಿಂಡಿ. ಗಾರೆಯವನು ಕೈಯಲ್ಲಿದ್ದ ಹಾರೆಯನ್ನು ಅಲ್ಲಿಯೇ ಇಳಿಸಿ ಎರಡು ಹೆಜ್ಜೆ ಹಿಂದಕ್ಕೆ ಸರಿದನು. “ಸ್ವಾಮಿ, ಅಮ್ಮಾವ್ರನ್ನ ಕರೀರಿ. ಅರಿಸಿನ ಕುಂಕುಮ ಇಟ್ಟು ದೀಪ ತೋರಿಸಲಿ. ಆಮೇಲೆ ನಾವು ಮುಟ್ತೀವಿ” ಎಂದನು. ಹಾಗೆಯೇ ಆಯಿತು.

ಗಿಂಡಿಯಲ್ಲಿದ್ದುದು ಕಪ್ಪು ಪುಡಿಯಾಗಿಹೋದ ಕಾಳು, ಹವಳದ ಒಂದು ಚೂರು, ಐದು ತಾಮ್ರದ ಕಾಸು. ಹುಣಿಸೆಯ ಹುಳಿಯಲ್ಲಿ ನೆನೆಸಿ ಉಜ್ಜಿದ ಮೇಲೆ ಒಂದು ಕಾಸಿನ ಮೇಲೆ ಬರಹ ತಿಳಿಯಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಇಪ್ಪತ್ತು ಕಾಸಿನ ನಾಣ್ಯವದು. ಕನ್ನಡ, ಇಂಗ್ಲಿಷ್, ಪಾರಸಿ, ಈ ಮೂರು ಲಿಪಿಗಳೂ ಅಂಗೈಯ ಕುಳಿಯಲ್ಲಿ ಅಡಗುವ ಆ ಲೋಹದ ಬಿಲ್ಲೆಯ ಮೇಲೆ ಒತ್ತೊತ್ತಾಗಿ ಕುಳಿತಿದ್ದುವು. ಮೈಸೂರಿನ ಟಂಕಸಾಲೆ ಬೆಂಗಳೂರಿಗೆ ವರ್ಗವಾಗಿ, 1843ರಲ್ಲಿ ನಿಂತೇಹೋಯಿತೆಂಬುದು ನಾಣ್ಯಶಾಸ್ತ್ರಜ್ಞರಿಗೆ ತಿಳಿದ ವಿಷಯ. ಆದುದರಿಂದ ಕಾಸು ಅದಕ್ಕೆ ಹಿಂದಿನದು. ಕಾಸು ಹಳೆಯದೆಂದ ಮಾತ್ರಕ್ಕೆ ಮನೆಯೂ ಅಷ್ಟೇ ಹಳೆಯದೆಂದು ಹೇಳಲಾಗದು. ಚಲಾವಣೆ ತಪ್ಪಿದ ನಾಣ್ಯವನ್ನು ದೇವರ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದು, ಐವತ್ತು ವರ್ಷದ ಮೇಲೆ ಇಂಥ ಶುಭಕಾರ್ಯಕ್ಕೆ ತೆಗೆಯುವ ವಾಡಿಕೆ ನಮ್ಮ ಹೆಂಗಸರಲ್ಲಿ ಇಂದಿಗೂ ಇದೆ.

ಕಟ್ಟಡದ ಬುಡದಲ್ಲಿ ಇಂಥ ವಸ್ತುಗಳನ್ನು ನಿಕ್ಷೇಪಿಸುವ ಪದ್ಧತಿ ಬಹು ಪ್ರಾಚೀನವಾದುದು. ದೇವಾಲಯಗಳಲ್ಲಿ ಅದಕ್ಕೆ ಗರ್ಭನ್ಯಾಸವೆಂಬ ಶಾಸ್ತ್ರೀಯವಾದ ಹೆಸರೂ ವಿಧಿಯೂ ಉಂಟು. ನವರತ್ನ, ಪಂಚಲೋಹ, ನವಧಾನ್ಯಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಮಂತ್ರೋಕ್ತವಾಗಿ ಹೂಳುವುದು ಅಲ್ಲಿಯ ಕ್ರಮ. ಗೃಹಸ್ಥನು ತನ್ನ ಶಕ್ತಿಗೆ ತಕ್ಕಂತೆ ಅದನ್ನೇ ಹೊಸ್ತಿಲ ಕೆಳಗೆ ನೆರವೇರಿಸುತ್ತಾನೆ: ರತ್ನಕ್ಕೆ ಬದಲು ಹವಳದ ಚೂರು, ಹೊನ್ನಿಗೆ ಬದಲು ಕಾಸು. ಹೊಸ್ತಿಲನ್ನು ಲಕ್ಷ್ಮಿಯ ಸ್ಥಾನವೆಂದು ಭಾವಿಸಿ, ಅದರ ಮೇಲೆ ಕಾಲಿಡಬಾರದು, ಕುಳಿತುಕೊಳ್ಳಬಾರದು, ಅಲ್ಲಿ ನಿಂತು ಕೊಡುವುದು ಕೊಳ್ಳುವುದು ಮಾಡಬಾರದೆಂದು ಅಜ್ಜಿಯರು ನಮ್ಮನ್ನು ಗದರಿಸುತ್ತಿದ್ದುದಕ್ಕೆ, ಅದರಡಿಯಲ್ಲಿ ಹೀಗೊಂದು ಗಿಂಡಿ ಇರುವುದೆಂಬ ಅರಿವೂ ಒಂದು ಕಾರಣವಾಗಿದ್ದಿರಬೇಕು.

ಹೂಳಿಟ್ಟ ವಸ್ತುವೆಂದರೆ ನಮ್ಮ ಜನರಿಗೆ ಮೊದಲು ನೆನಪಾಗುವುದು ನಿಧಿಯೇ. ಬಾಡದ ತಿಮ್ಮಪ್ಪ ನಾಯಕನಿಗೆ ನೆಲವನ್ನು ಅಗೆಯುವಾಗ ಹೊನ್ನಿನ ಕೊಪ್ಪರಿಗೆ ದೊರೆತುದರಿಂದ ಅವನು ಕನಕನಾಯಕನಾದನೆಂಬ ಐತಿಹ್ಯವನ್ನು ಕೇಳದ ಕನ್ನಡಿಗನಿಲ್ಲ. ಬ್ಯಾಂಕುಗಳಿಲ್ಲದ ಕಾಲದಲ್ಲಿ, ದಂಡು ದಾಳಿಗಳು ಮಳೆಗಾಲದಷ್ಟೇ ನಿಯತವಾಗಿ ಬರುತ್ತಿದ್ದ ಸೀಮೆಯಲ್ಲಿ, ಮಣ್ಣಿಗಿಂತ ನಂಬಿಕೆಯ ಭಂಡಾರ ಇನ್ನೊಂದಿರಲಿಲ್ಲ. ವಿಜಯನಗರದ ಕಾಲದ ದಾನಶಾಸನಗಳನ್ನು ಓದಿದವರಿಗೆ ಅಷ್ಟಭೋಗ ತೇಜಃಸ್ವಾಮ್ಯವೆಂಬ ಮಾತು ಪರಿಚಿತವಾಗಿದೆ. ಗ್ರಾಮವನ್ನು ದಾನಮಾಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ, ಈ ಎಂಟನ್ನೂ ಸೇರಿಸಿ ಕೊಟ್ಟಿರುವುದಾಗಿ ಬರೆಸುತ್ತಿದ್ದರು. ಪಟ್ಟಿಯಲ್ಲಿ ಮೊದಲನೆಯ ಎರಡು ನೆಲದಲ್ಲಿ ಅಡಗಿದ ಧನವೆಂಬುದು ಗಮನಾರ್ಹ. ಇಂಗ್ಲಿಷರ ಸರ್ಕಾರವು 1878ರಲ್ಲಿ ಇದಕ್ಕಾಗಿಯೇ ಒಂದು ಕಾಯಿದೆಯನ್ನು ಮಾಡಿತು. ಅದರ ಪ್ರಕಾರ ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿ ದೊರೆತರೆ ಕಲೆಕ್ಟರಿಗೆ ತಿಳಿಸಬೇಕಾಗಿತ್ತು. ವಾರಸುದಾರರಿಲ್ಲವೆಂದು ತೀರ್ಮಾನವಾದರೆ, ಸರ್ಕಾರವು ಅದನ್ನು ತಾನೇ ಕೊಳ್ಳದ ಪಕ್ಷದಲ್ಲಿ, ಮುಕ್ಕಾಲು ಪಾಲು ಕಂಡವನಿಗೆ, ಕಾಲು ಪಾಲು ನೆಲದ ಒಡೆಯನಿಗೆ. ಹತ್ತು ರೂಪಾಯಿಗೆ ಒಳಗಿನದನ್ನು ಆ ಕಾಯಿದೆ ಕೇಳುತ್ತಿರಲಿಲ್ಲ. ಹಳೆಯ ಮನೆಗಳನ್ನು ಕೆಡಹುವಾಗ ಸಾಮಾನ್ಯವಾಗಿ ಸಿಕ್ಕುವುದೆಲ್ಲ ಹತ್ತು ರೂಪಾಯಿಗೆ ಒಳಗಿನದೇ, ಮತ್ತು ನನ್ನ ದೃಷ್ಟಿಯಲ್ಲಿ ನಾಡಿನ ಚರಿತ್ರೆಗೆ ಅತ್ಯಂತ ಬೇಕಾದುದೂ ಅದೇ. ಗಾರೆಯವನ ಮಂಕರಿಯಲ್ಲಿ ಹೊರಬಿದ್ದು ತಿಪ್ಪೆಗೆ ಸೇರುವುದೂ ಅದೇ.

ನೆಲದಡಿಯನ್ನು ಬಿಟ್ಟು ಮೇಲಕ್ಕೆ ಬಂದರೆ, ಅಟ್ಟದ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತರಿಸಬೇಕು. ತೊಟ್ಟಿಯ ಮನೆಗಳಲ್ಲಿ ಅಡಿಗೆಯ ಮನೆಯ ಮೇಲಣ ಅಟ್ಟವು ಸೌದೆಗೂ ಒಡೆದ ಮಡಕೆಗಳಿಗೂ ಮಾತ್ರವಲ್ಲದೆ ಓಲೆಗರಿಯ ಕಟ್ಟುಗಳಿಗೂ ಆಶ್ರಯವಾಗಿತ್ತು. ಒಲೆಯ ಹೊಗೆ ನಿತ್ಯವೂ ತಗಲುತ್ತಿದ್ದುದರಿಂದ ಹುಳು ಹತ್ತುತ್ತಿರಲಿಲ್ಲ. ಮಸಿ ಹಿಡಿದಷ್ಟೂ ಗರಿ ಬಾಳುತ್ತಿತ್ತು. ಕಂಠದಿಂದ ಗರಿಯ ಮೇಲೆ ಅಕ್ಷರವನ್ನು ಕೊರೆದು, ಆ ಗೀರುಗಳಿಗೆ ಕಾಡಿಗೆಯನ್ನು ತೀಡಿ ಓದುವಂತೆ ಮಾಡುವ ಲಿಪಿಕಾರನು, ಗ್ರಂಥದ ಕೊನೆಯಲ್ಲಿ ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ಇದನ್ನು ಕಾಪಾಡಿರಿ, ಮೂರ್ಖನ ಕೈಗೆ ಕೊಡಬೇಡಿರಿ ಎಂದು ಬೇಡಿಕೊಳ್ಳುವುದು ಹಿಂದಿನ ಸಂಪ್ರದಾಯ. ಸೊಂಟ ಬಾಗಿಸಿ, ಕಣ್ಣು ನೋಯಿಸಿಕೊಂಡು ಬರೆದವನ ಆ ಬೇಡಿಕೆಯನ್ನು ನಮ್ಮವರು ಎಷ್ಟರಮಟ್ಟಿಗೆ ನಡಸಿಕೊಟ್ಟರು? ಓದಬಲ್ಲವರು ತೀರಿದ ಮೇಲೆ ಮಡಿಯಿಂದ ಪೂಜೆಮಾಡಿ ಹೊಳೆಗೆ ಬಿಟ್ಟವರುಂಟು. ಬಚ್ಚಲ ಒಲೆಗೆ ಹಾಕಿದವರೂ ಉಂಟು.

ಉಳಿದುದರಿಂದ ಏನಾಯಿತೆಂಬುದನ್ನಾದರೂ ನೆನೆಯೋಣ. ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರಿನ ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ ಗ್ರಂಥಲಿಪಿಯ ತಾಳೆಯೋಲೆಗಳನ್ನು ಆರ್. ಶಾಮಶಾಸ್ತ್ರಿಗಳು ಬಿಡಿಸಿ ನೋಡಲಾಗಿ, ಹೆಸರಿನಿಂದ ಮಾತ್ರ ಲೋಕಕ್ಕೆ ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಇಡಿಯಾಗಿ ಅದರಲ್ಲಿದ್ದಿತು. 1909ರಲ್ಲಿ ಮೂಲವೂ 1915ರಲ್ಲಿ ಇಂಗ್ಲಿಷ್ ಅನುವಾದವೂ ಹೊರಬಿದ್ದುವು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮಠಗಳನ್ನು ಅಲೆದು ಓಲೆಗರಿಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸದೆ ಇದ್ದಿದ್ದರೆ, ಶರಣರ ಮಾತುಗಳಲ್ಲಿ ಎಷ್ಟೋ ಪಾಲು ಜಂತೆಗಳ ನಡುವೆಯೇ ಪುಡಿಯಾಗುತ್ತಿದ್ದುವು. ಆರ್. ನರಸಿಂಹಾಚಾರ್ಯರು 1916ರಲ್ಲಿ ಶೃಂಗೇರಿಯ ಮಠದಲ್ಲಿ ಟಿಪ್ಪುಸುಲ್ತಾನನು ಜಗದ್ಗುರುಗಳಿಗೆ ಕನ್ನಡದಲ್ಲಿ ಬರೆಯಿಸಿದ ಪತ್ರಗಳನ್ನು ಬೆಳಕಿಗೆ ತಂದರು. 1791ರಲ್ಲಿ ಮರಾಠರ ಸರದಾರ ಪರಶುರಾಮ ಭಾವುವಿನ ಸೈನ್ಯದ ಸವಾರರು ಮಠವನ್ನು ಸೂರೆಮಾಡಿದ ವೃತ್ತಾಂತವೂ, ಅದಕ್ಕಾಗಿ ಸುಲ್ತಾನನು ಕಳುಹಿಸಿದ ನೆರವೂ ಆ ಕಾಗದಗಳಿಂದ ಸ್ಪಷ್ಟವಾದುವು.

ಹಳೆಯ ಪ್ರತಿಯೆಂದರೆ ಆ ಕಾಲದವರಿಗೆ ಎಂಥ ಗೌರವವಿತ್ತೆಂಬುದಕ್ಕೆ ಇನ್ನೊಂದು ನಿದರ್ಶನ ನನ್ನ ಮನಸ್ಸನ್ನು ಯಾವಾಗಲೂ ಕಲಕುತ್ತದೆ. ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯರಾಗಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪನವರು ತಾವೇ ರಚಿಸಿದ ಕಾವ್ಯಗಳನ್ನು ಮುದ್ದಣನೆಂಬ ಹಿಂದಿನ ಕವಿಯವೆಂದು ಮೈಸೂರಿನ ಸಂಪಾದಕರಿಗೆ ಕಳುಹಿಸಿದರು. ಸಂಪಾದಕರೂ ಹಾಗೆಯೇ ನಂಬಿ ಅಚ್ಚು ಹಾಕಿಸಿದರು. ಕವಿಯು 1901ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ತನ್ನ ಕೂಸನ್ನು ಹಳಬರ ಮನೆಯ ಕೂಸೆಂದು ಹೇಳಿ ಬದುಕಿಸಿಕೊಳ್ಳಬೇಕಾಗಿ ಬಂದ ಆ ತಂದೆಯ ಸಂಕಟವನ್ನು ನೆನೆದಾಗ ಕಣ್ಣು ತೇವವಾಗುತ್ತದೆ.

ನಮ್ಮ ಅಟ್ಟದಲ್ಲಿ ಕಾವ್ಯ ಸಿಕ್ಕಲಿಲ್ಲ. ನಡುಮನೆಯ ನಾಗಂದಿಗೆಯನ್ನು ಕೀಳುವಾಗ, ತೊಲೆಗೂ ಗೋಡೆಗೂ ನಡುವಿನ ಸಂದಿನಲ್ಲಿ ತುರುಕಿದ್ದ ಬಟ್ಟೆಯ ಗಂಟೊಂದು ಉದುರಿತು, ಅದರೊಳಗಿದ್ದುದು ಕಡತ. ಈಗಿನ ಹುಡುಗರಿಗೆ ಆ ಹೆಸರಿನಿಂದ ಕಚೇರಿಯ ಕಾಗದದ ಕಟ್ಟು ಮಾತ್ರ ನೆನಪಾಗುವುದರಿಂದ ಅದು ಹೇಗಿರುತ್ತಿತ್ತೆಂಬುದನ್ನು ಹೇಳುವುದು ಒಳ್ಳೆಯದು. ಗೇಣಗಲದ ಉದ್ದನೆಯ ಹತ್ತಿಬಟ್ಟೆಯ ಎರಡು ಕಡೆಗೂ ಹುಣಿಸೆಬೀಜದ ಸರಿಯಲ್ಲಿ ಕಲಸಿದ ಇದ್ದಲ ಪುಡಿಯನ್ನು ಬಳಿದು ಒಣಗಿಸುತ್ತಿದ್ದರು. ಆರಿದ ಮೇಲೆ ಅದು ಹಲಗೆಯಂತೆ ಕಪ್ಪಾಗಿ ಬಿರುಸಾಗುತ್ತಿತ್ತು. ಅದನ್ನು ಒಂದರ ಮೇಲೊಂದು ಮಡಿಕೆಯಾಗಿ ಮಡಿಸಿ, ಮೇಲೆ ಕೆಳಗೆ ಮರದ ಪಟ್ಟಿಯಿಟ್ಟು, ಬಿಳಿಯ ಬಳಪದಿಂದ ಬರೆಯುತ್ತಿದ್ದರು. ಲೆಕ್ಕ ತೀರಿದರೆ ಒದ್ದೆಯ ಬಟ್ಟೆಯಿಂದ ಒರಸಿ ಮತ್ತೆ ಬರೆಯಬಹುದು. ಈ ಅನುಕೂಲವೇ ಕಡತಕ್ಕೆ ಮೃತ್ಯು.

ಇದನ್ನು ಅರಿಯದೆ ನಾನು ಮಾಡಿದ ಅಪರಾಧವನ್ನು ಮುಚ್ಚಿಡಲಾರೆ. ಗಂಟಿನ ಮೇಲಿನ ಧೂಳು ದಪ್ಪವಾಗಿದ್ದುದರಿಂದ, ಹೆಗಲ ಮೇಲಿದ್ದ ಪಂಚೆಯ ತುದಿಯಿಂದ ಮೊದಲ ಮಡಿಕೆಯನ್ನು ಒರಸಿಬಿಟ್ಟೆ. ಕಪ್ಪು ಬಟ್ಟೆ ಹೊಳೆಯಿತು. ಪಂಚೆಗೆ ಬಿಳಿಯ ಹುಡಿ ಹತ್ತಿತ್ತು. ಆ ಹುಡಿ ಧೂಳಲ್ಲ, ಅಕ್ಷರವೆಂಬುದು ಎರಡನೆಯ ಮಡಿಕೆಯನ್ನು ತೆರೆದಾಗ ತಿಳಿಯಿತು. ಬರೆದವನ ಹೆಸರೂ ಆರಂಭದ ತೇದಿಯೂ ಆ ಮೊದಲ ಮಡಿಕೆಯಲ್ಲಿದ್ದಿರಬೇಕು. ಒಂದು ಶತಮಾನದ ಹೊಗೆಯನ್ನೂ ಜಿರಲೆಯನ್ನೂ ಗೆದ್ದುಬಂದುದನ್ನು ನನ್ನ ಕೈ ಅರೆನಿಮಿಷದಲ್ಲಿ ಅಳಿಸಿತು.

ಉಳಿದ ಮಡಿಕೆಗಳಲ್ಲಿದ್ದುದು ಮೋಡಿಗನ್ನಡ. ಶಾನುಭೋಗರ ಆ ಓಡುಬರಹದಲ್ಲಿ ಅಕ್ಷರದಿಂದ ಅಕ್ಷರಕ್ಕೆ ಬಳಪವನ್ನೆತ್ತದೆ ಬರೆದಿರುವುದರಿಂದ ಅಚ್ಚಿನ ಕನ್ನಡವನ್ನು ಬಲ್ಲವನಿಗೂ ಒಂದು ಪದವೂ ಹತ್ತುವುದಿಲ್ಲ. ಪಕ್ಕದ ಊರಿನಲ್ಲಿ ಶಾನುಭೋಗಿಕೆ ಮಾಡಿ ಬಿಟ್ಟ ವೃದ್ಧರೊಬ್ಬರಿದ್ದರು. ಅವರು ಜಗಲಿಯ ಮೇಲೆ ಬೆಳಕಿಗೆ ಓರೆಯಾಗಿ ಕುಳಿತು, ಕಡತವನ್ನು ಮುಟ್ಟದೆ ಅಡಿಯಲ್ಲಿ ಮಣೆಯಿಟ್ಟು ಓದಿದರು. “ನೋಡಪ್ಪ, ಧಾತು, ಆಮೇಲೆ ಈಶ್ವರ. ಶಕವರ್ಷ ಹಾಕಿಲ್ಲ. ಇದು ಯಾವ ಧಾತುವೋ ಹೇಳೋದು ಕಷ್ಟ” ಎಂದರು. ಅರವತ್ತು ಸಂವತ್ಸರಗಳ ಚಕ್ರದಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬರುವುದರಿಂದ ಅದು 1816ನೆಯ ಇಸವಿಯೂ ಆಗಬಹುದು, 1876 ಕೂಡ ಆಗಬಹುದು. ಇನ್ನೆರಡು ಮಡಿಕೆ ದಾಟಿದ ಮೇಲೆ ಅವರೇ ತಲೆಯೆತ್ತಿ, “ಇಲ್ಲಿ ರೂಪಾಯಿ, ಆಣೆ ಅಂತ ಬರೆದಿದಾರೆ. ಹಳೇ ಧಾತುವಾಗಿದ್ದರೆ ವರಹ, ಹಣ, ಅಡ್ಡ, ಹಾಗ ಅಂತ ಇರಬೇಕಿತ್ತು. ಇದು ದೊಡ್ಡ ಬರದ್ದೇ” ಎಂದರು. ಕಂಠೀರವ ನರಸರಾಜ ಒಡೆಯರ ಹೆಸರಿನ ಕಂಠೀರಾಯ ಹಣದಲ್ಲಿ, ಹತ್ತು ಹಣಕ್ಕೊಂದು ವರಹದಂತೆ, ಮೈಸೂರು ಸೀಮೆ ಎಣಿಸುತ್ತಿದ್ದ ಕಾಲ 1876ಕ್ಕೆ ಕಳೆದುಹೋಗಿತ್ತು. ವಿದ್ವಾಂಸರ ಗೋಷ್ಠಿಯಲ್ಲಿ ಒಪ್ಪತಕ್ಕ ಆ ತರ್ಕವನ್ನು ಅವರು ಎಲೆಯಡಿಕೆ ಹಾಕಿಕೊಳ್ಳುತ್ತ ಹೇಳಿದರು.

ಧಾತು ಈಶ್ವರ ಸಂವತ್ಸರಗಳ ಬರವೆಂದರೆ ಮೈಸೂರು ಸೀಮೆಯ ಹಳಬರು ತಗ್ಗಿದ ದನಿಯಲ್ಲಿ ಹೇಳುತ್ತಿದ್ದ ಕಥೆ. 1871ರ ಖಾನೇಷುಮಾರಿಯಲ್ಲಿ ಐವತ್ತು ಲಕ್ಷಕ್ಕೆ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಗ್ರಂಥಗಳಲ್ಲಿ ಈ ಸಂಖ್ಯೆಗಳನ್ನು ನಾನು ಹಲವು ಸಲ ಓದಿದ್ದೆ. ಆ ದಿನ ಜಗಲಿಯ ಮೇಲೆ ಕೇಳಿದುದೇ ಬೇರೆ. ಕುಂಬಾರರ ಮನೆಯಿಂದ ಹಿತ್ತಾಳೆ ತಪ್ಪಲೆ ಒಂದು, ಕೊಟ್ಟ ರಾಗಿ ಎರಡು ಕೊಳಗ. ಅಗಸರ ಮನೆಯಿಂದ ತಾಮ್ರದ ಹಂಡೆ, ರಾಗಿ ಮೂರು ಕೊಳಗ. ಕೆರೆಯ ಹಿಂದಣ ಕೇರಿಯ ಮುದುಕಿ, ಬೆಳ್ಳಿಯ ಕಡಗ ಒಂದು. ರಾಗಿ ಅರ್ಧ ಕೊಳಗ. ಕಡಗವೊಂದೇ ಏಕೆ, ಅದರ ಜೊತೆಯದು ಎಲ್ಲಿ ಹೋಯಿತು ಎಂದು ಓದುತ್ತಿದ್ದವರು ತಮ್ಮಷ್ಟಕ್ಕೆ ಕೇಳಿಕೊಂಡು ಸುಮ್ಮನಾದರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂದು ಎಣಿಸುವ ಮನೆಯಲ್ಲಿ ಅರ್ಧ ಕೊಳಗವನ್ನು ಅಳೆದು, ಬರೆದು, ಒತ್ತೆಯಿಟ್ಟುಕೊಂಡ ಕಾಲವದು. ಮೊದಮೊದಲು ಒತ್ತೆಯೊಂದಕ್ಕೆ ಎರಡು ಮೂರು ಕೊಳಗವಿದ್ದುದು ಈಶ್ವರ ಸಂವತ್ಸರದ ಹೊತ್ತಿಗೆ ಸೇರುಗಳಿಗೆ ಇಳಿದಿತ್ತು. ನಡುವೆ ಒಂದು ಸಾಲು ಅಡ್ಡಲಾಗಿ, ದೊಡ್ಡ ಅಕ್ಷರದಲ್ಲಿದ್ದಿತು: ಹಗೇವು ತೆಗೆದದ್ದು.

ಹಗೇವೆಂದರೆ ನೆಲದಡಿಯ ಧಾನ್ಯದ ಕುಳಿ. ಗಟ್ಟಿಯ ಮಣ್ಣಿನಲ್ಲಿ ಹೂಜಿಯಾಕಾರವಾಗಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿಯನ್ನು ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣೆಳೆದರೆ ವರ್ಷಗಟ್ಟಲೆ ಕೆಡುವುದಿಲ್ಲ. ಕಾಳಿನಲ್ಲಿ ಈ ಗುಣವಿರುವುದರಿಂದಲೇ ರಾಗಿ ಬರಗಾಲದ ಬಂಧು. ಬಹುಕಾಲ ಮುಚ್ಚಿದ್ದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುವುದರಿಂದ, ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪವನ್ನು ಇಳಿಬಿಟ್ಟು ಅದು ಆರದೆ ಉರಿದರೆ ಮಾತ್ರ ಮನುಷ್ಯನನ್ನು ಇಳಿಸುತ್ತಿದ್ದರು. ಕಡತದ ಆ ಸಾಲನ್ನು ಕೇಳಿದ ಮೇಲೆ ನಮ್ಮ ಹಿತ್ತಿಲಿನಲ್ಲಿ ಬಟ್ಟೆಯೊಗೆಯುವ ಕಲ್ಲಿನ ಕಡೆಗೆ ಎಲ್ಲರ ದೃಷ್ಟಿಯೂ ಹೋಯಿತು. ಕಲ್ಲನ್ನು ಸರಿಸಿದರೆ ಅಡಿಯಲ್ಲಿ ದುಂಡನೆಯ ಬಾಯಿ. ಒಳಗೆ ಹೆಂಚಿನ ಚೂರು, ಬೂದಿ, ಮಣ್ಣು. ಧಾನ್ಯವನ್ನು ತೆಗೆದವರು ಮತ್ತೆ ಅದನ್ನು ತುಂಬಿಸಲೇ ಇಲ್ಲವೆಂದು ತೋರುತ್ತದೆ. ಬರದ ತರುವಾಯ ಕೆಲವೇ ವರ್ಷಗಳಲ್ಲಿ ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದಿತು. ಧಾನ್ಯ ದೂರದಿಂದ ಬರುವ ದಾರಿ ತೆರೆದ ಮೇಲೆ ಹಗೇವುಗಳು ಒಂದೊಂದಾಗಿ ಕಸದ ಕುಳಿಗಳಾದುವು.

ಕೆಲವು ಸಾಲುಗಳ ಮುಂದೆ, ಒತ್ತೆ ಬಿಡಿಸಿಕೊಂಡ ಗುರುತಾಗಿ, ಸಣ್ಣದೊಂದು ಗೀಟು ಇದೆ. ಹೆಚ್ಚಿನ ಸಾಲುಗಳ ಮುಂದೆ ಇಲ್ಲ. ಕಡತವನ್ನು ಬರೆದವನು ದಯಾಳುವೆ, ಕಠಿನನೆ ಎಂದು ತೀರ್ಪುಕೊಡಲು ನನಗೆ ಮನಸ್ಸಾಗದು. ಹಗೇವಿನ ರಾಗಿಯನ್ನು ಪೇಟೆಗೆ ಸಾಗಿಸಿ ಹತ್ತರಷ್ಟು ಲಾಭಕ್ಕೆ ಮಾರಬಹುದಾಗಿದ್ದಾಗ ಊರಿನೊಳಗೆ ಅಳೆದನೆಂಬುದೊಂದು. ಅರ್ಧ ಕೊಳಗಕ್ಕೆ ಮುದುಕಿಯ ಕಡಗವನ್ನು ಕಳಚಿಸಿಕೊಂಡನೆಂಬುದೊಂದು. ಎರಡೂ ಅದೇ ಕೈಯ ಬರಹದಲ್ಲಿವೆ. ಬರೆಯುವುದಕ್ಕೆ ಅನುಕೂಲವಾದ ಕಪ್ಪುಬಟ್ಟೆಯನ್ನು ಒರಸಿ ಹೊಸ ಲೆಕ್ಕಕ್ಕೆ ಉಪಯೋಗಿಸದೆ, ತೀರದ ಲೆಕ್ಕವನ್ನು ಹಾಗೆಯೇ ಗಂಟುಕಟ್ಟಿ ತೊಲೆಯ ಸಂದಿನಲ್ಲಿ ಸೇರಿಸಿದವನು, ಎಂದಾದರೊಂದು ದಿನ ಆ ಜನ ಬಂದು ತಮ್ಮ ವಸ್ತುವನ್ನು ಕೇಳುವರೆಂದು ನಂಬಿದ್ದನೆಂದೇ ನಾನು ತಿಳಿದಿದ್ದೇನೆ. ಕೆಲಸದವರು ಅಂದಿನಿಂದ ಪ್ರತಿಯೊಂದು ಗೋಡೆಯನ್ನೂ ತಟ್ಟಿ ತಟ್ಟಿ ಕೇಳಿದರು. ಕಡಗ ಸಿಕ್ಕಲಿಲ್ಲ; ತಪ್ಪಲೆಯೂ ಇಲ್ಲ.

ಸೂರಿನಲ್ಲಿ ವಿಶೇಷವೇನೂ ಇರಲಿಲ್ಲ. ಮುಂಭಾಗಕ್ಕೆ ಹೊದಿಸಿದ್ದ ಮಂಗಳೂರು ಹೆಂಚುಗಳ ಅಡಿಯಲ್ಲಿ ಬಾಸೆಲ್ ಮಿಶನ್ನಿನ ಕಾರ್ಖಾನೆಯ ಮುದ್ರೆಯಿದ್ದಿತು; ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಆ ಕಾರ್ಖಾನೆ ಆರಂಭವಾಯಿತಾದುದರಿಂದ, ಮುಂಭಾಗದ ಹೊದಿಕೆ ಅದರಿಂದೀಚಿನದು. ಹಿಂಭಾಗದ್ದು ಊರ ಕುಂಬಾರನ ನಾಡಹೆಂಚು. ಅದರಲ್ಲೊಂದರ ಮೇಲೆ, ಹಸಿಯಾಗಿದ್ದಾಗ ಊರಿದ ಮಗುವಿನ ಐದು ಬೆರಳು ಸುಟ್ಟು ಗಟ್ಟಿಯಾಗಿ ಉಳಿದಿದ್ದುವು. ಬಡಗಿಯು ಅದನ್ನು ಒಡೆಯದೆ ಇಳಿಸಿ ನನ್ನ ಕೈಗೆ ಕೊಟ್ಟನು.

ಕೊನೆಗೆ ದೊರೆತುದು ಬಾಣಂತಿಯ ಕೋಣೆಯ ಗೋಡೆಯಲ್ಲಿ. ಸುಣ್ಣದ ಪದರಗಳನ್ನು ಹೆರೆಯುವಾಗ ಕರಣಿಯ ಸದ್ದು ಒಂದು ಕಡೆ ಟೊಳ್ಳಾಗಿ ಕೇಳಿಸಿತು. ಮಣ್ಣು ಮೆತ್ತಿ ಮುಚ್ಚಿದ್ದ ದೀಪದ ಗೂಡು ಅದು. ಒಳಗೆ ರಕ್ತಚಂದನದ ಪಟ್ಟದ ಗೊಂಬೆ ಒಂದು, ಒಡೆದ ಹಸುರು ಬಳೆಯ ಚೂರು ನಾಲ್ಕು, ಮೊಲದ ಕಿವಿಯಷ್ಟು ಮೆದುವಾದ ಬಟ್ಟೆಯ ಕುಲಾವಿ. ನಮ್ಮ ಸೀಮೆಯಲ್ಲಿ ಮದುವೆಯಾಗಿ ಹೋಗುವ ಮಗಳಿಗೆ ತೌರುಮನೆಯವರು ರಾಜ ರಾಣಿಯರ ಪಟ್ಟದ ಗೊಂಬೆಗಳನ್ನು ಜೋಡಿಯಾಗಿ ಕೊಡುವುದು ಪದ್ಧತಿ. ನವರಾತ್ರಿಯಲ್ಲಿ ಅವನ್ನು ಹೊಸ ಕಾಗದ ವಸ್ತ್ರಗಳಿಂದ ಸಿಂಗರಿಸಿ ಕೂರಿಸುತ್ತಾರೆ. ಇಲ್ಲಿದ್ದುದು ರಾಣಿ ಮಾತ್ರ. ಮುಖದ ಬಣ್ಣ ಹೋಗಿತ್ತು. ಮೂಗಿನ ತುದಿ ಮುತ್ತಿಟ್ಟೋ ಕಚ್ಚಿಯೋ ಸವೆದಿತ್ತು. ಯಾರು ಮುಚ್ಚಿದರು, ಏಕೆ ಮುಚ್ಚಿದರು ಎಂದು ಊಹಿಸುವುದು ಸುಲಭ. ಊಹೆಯನ್ನು ಇಲ್ಲಿ ಬರೆಯಲು ನನಗೆ ಕೈ ಬರುವುದಿಲ್ಲ. ಹೊಸ್ತಿಲ ಗಿಂಡಿಗೆ ಮುಂದಾಗಿ ಅರಿಸಿನ ಕುಂಕುಮ ತಂದಿದ್ದ ನನ್ನ ಮನೆಯವರು ಈ ಗೂಡಿನ ಮುಂದೆ ಬಹಳ ಹೊತ್ತು ಏನೂ ಮಾಡದೆ ನಿಂತಿದ್ದರು. ಅನಂತರ ಗೊಂಬೆಯನ್ನು ಸೆರಗಿನಲ್ಲಿ ಒರಸಿ ಅಲ್ಲಿಯೇ ಇಟ್ಟರು. ಆ ಗೂಡಿಗೆ ಹೊಸ ಗಾರೆ ಹಾಕಕೂಡದೆಂದು ಗಾರೆಯವನಿಗೆ ಹೇಳಿದೆವು.

ರಾಜರು ಕಲ್ಲಿನಲ್ಲಿ ಕೊರೆಯಿಸಿದುದನ್ನು ಬಿ. ಎಲ್. ರೈಸರೂ ಅವರ ಅನಂತರದವರೂ ಊರೂರು ತಿರುಗಿ ಎತ್ತಿ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಸಾವಿರಗಟ್ಟಲೆ ಅಚ್ಚುಮಾಡಿಸಿದ್ದಾರೆ. ಕುಂಬಾರರ ತಪ್ಪಲೆಗೂ ಮುದುಕಿಯ ಕಡಗಕ್ಕೂ ಶಾಸನವಿಲ್ಲ. ಅವುಗಳ ಸುದ್ದಿ ಇರುವುದು ತೊಲೆಯ ಸಂದುಗಳಲ್ಲಿ, ಒರಸಿದರೆ ಹೋಗುವ ಬಳಪದ ಬರಹದಲ್ಲಿ. ಆದುದರಿಂದ, ಪಿತ್ರಾರ್ಜಿತವಾದ ಮನೆಯನ್ನು ಬಿಚ್ಚಿಸಲು ನಿಶ್ಚಯಿಸಿರುವ ಓದುಗರಲ್ಲಿ ನನ್ನದೊಂದು ಬಿನ್ನಹ. ಅಟ್ಟದಿಂದ ಉದುರಿದುದನ್ನು ಒರಸಬೇಡಿರಿ, ತೊಳೆಯಬೇಡಿರಿ. ಅದು ಯಾವ ಗೋಡೆಯ ಯಾವ ಎತ್ತರದಲ್ಲಿ, ಯಾವುದರ ಪಕ್ಕದಲ್ಲಿ ಇದ್ದಿತೆಂಬುದನ್ನು ಅಂದೇ ಬರೆದಿಡಿರಿ. ಮತ್ತು ಮೋಡಿಯನ್ನು ಓದಬಲ್ಲ ವೃದ್ಧರು ನಿಮ್ಮ ಹೋಬಳಿಯಲ್ಲಿ ಇನ್ನೂ ಒಬ್ಬರಾದರೂ ಇರುವರೆ ಎಂದು, ಗಾರೆಯವನಿಗೆ ಮುಂಗಡ ಕೊಡುವುದಕ್ಕೆ ಮೊದಲೇ ವಿಚಾರಿಸಿಕೊಳ್ಳಿರಿ. ನಮ್ಮ ಕಡತವನ್ನು ಓದಿಕೊಟ್ಟ ಹಿರಿಯರು ಮರುವರ್ಷದ ಆಷಾಢದಲ್ಲಿ ತೀರಿಕೊಂಡರು. ಹನ್ನೊಂದು ಮಡಿಕೆಗಳು ಇನ್ನೂ ಓದದೆ ಉಳಿದಿವೆ.